ಒಂದು ಭಾಷೆ ಆಡುವಾಗ ಇನ್ನೊಂದು ಭಾಷೆ ಏನು ಮಾಡುತ್ತಿರುತ್ತದೆ?

[ಪರದೆಯ ಮೇಲೆ ನೀಲಿ ಮತ್ತು ಕೆಂಪು ಚೌಕಗಳು]

ನಮಸ್ಕಾರ. ಮೊದಲು ಒಂದು ಸಣ್ಣ ಆಟ. ನೀಲಿ ಚೌಕದಲ್ಲಿ ಅಂಕಿ ಬಂದರೆ ಕನ್ನಡದಲ್ಲಿ ಹೇಳಿ. ಕೆಂಪಿನಲ್ಲಿ ಬಂದರೆ ಇಂಗ್ಲಿಷಿನಲ್ಲಿ ಹೇಳಿ. ಗಟ್ಟಿಯಾಗಿ, ಬೇಗ ಬೇಗ ಹೇಳಬೇಕು.

[ನೀಲಿ 7. ನೀಲಿ 4. ಕೆಂಪು 9. ಕೆಂಪು 2. ನೀಲಿ 5. ಕೆಂಪು 8. ನೀಲಿ 3.]

ಬಣ್ಣ ಬದಲಾದ ಕಡೆ ನಾಲಿಗೆ ಸ್ವಲ್ಪ ತಡವರಿಸಿತು, ಅಲ್ವಾ? ರೆನಾಟಾ ಮ್ಯೂಟರ್ ಮತ್ತು ಅಲನ್ ಆಲ್‌ಪೋರ್ಟ್ ಎಂಬ ಮನೋವಿಜ್ಞಾನಿಗಳು ಇಂಥದ್ದೇ ಪ್ರಯೋಗ ಮಾಡಿ, ಆ ತಡವನ್ನು ಅಳೆದು 1999ರಲ್ಲಿ ಪ್ರಕಟಿಸಿದರು. ಭಾಷೆ ಬದಲಿಸುವಾಗ ತಡವಾಗುತ್ತದೆ ಎಂದು ಯಾರು ಬೇಕಾದರೂ ಊಹಿಸಬಹುದು. ಆದರೆ ಅವರಿಗೆ ಕಂಡದ್ದು ಇನ್ನೊಂದಿತ್ತು. ಆಮೇಲೆ ಕಲಿತ ಭಾಷೆಗೆ ಹೋಗುವಾಗ ಆಗುವುದಕ್ಕಿಂತ ಜಾಸ್ತಿ ತಡ, ಸಲೀಸಾಗಿ ಬರುವ ಸ್ವಂತ ಭಾಷೆಗೆ ವಾಪಸ್ ಬರುವಾಗ ಆಗುತ್ತಿತ್ತು!

ಸ್ವಂತ ಭಾಷೆಗೆ ಬರಲು ಯಾಕೆ ಕಷ್ಟ? ಅದಕ್ಕೆ ಇನ್ನೊಂದು ಪ್ರಯೋಗ ನೋಡೋಣ. ಅದೂ 1999ರಲ್ಲೇ ಪ್ರಕಟವಾಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಿಯೊರಿಕಾ ಮರಿಯನ್ ಮತ್ತು ಮೈಕೆಲ್ ಸ್ಪೈವಿ ಮಾಡಿದ್ದು.

[ಮೇಜಿನ ಮೇಲೆ ಒಂದು ಅಂಚೆಚೀಟಿ, ಒಂದು ಮಾರ್ಕರ್ ಪೆನ್ನು, ಇನ್ನೆರಡು ವಸ್ತು]

ಎದುರು ಕೂತವರಿಗೆ ರಷ್ಯನ್, ಇಂಗ್ಲಿಷ್ ಎರಡೂ ಬರುತ್ತವೆ. ಅವರ ಕಣ್ಣು ಎತ್ತ ಹೊರಳುತ್ತದೆ ಎಂದು ಒಂದು ಉಪಕರಣ ದಾಖಲಿಸುತ್ತಿದೆ. ಅಂಚೆಚೀಟಿಯನ್ನು ಇಂಥ ಕಡೆ ಇಡಿ ಎಂದು ರಷ್ಯನ್‌ನಲ್ಲಿ ಹೇಳುತ್ತಾರೆ. ಆ ವಾಕ್ಯದಲ್ಲಿ ಅಂಚೆಚೀಟಿಗೆ ಬರುವ ಪದ ‘ಮಾರ್ಕು’. ಅದು ಕಿವಿಗೆ ಬೀಳುತ್ತಲೇ ಎಷ್ಟೋ ಸಲ ಕಣ್ಣು ಮಾರ್ಕರ್ ಪೆನ್ನಿನ ಕಡೆಗೂ ಹೋಗಿ ಬರುತ್ತಿತ್ತು. ಅಲ್ಲಿ ಯಾರೂ ಇಂಗ್ಲಿಷಿನ ಸೊಲ್ಲೇ ಎತ್ತಿರಲಿಲ್ಲ!

ಅಂದರೆ ಒಂದು ಭಾಷೆಯಲ್ಲಿ ಮಾತು ನಡೆದಿರುವಾಗ ಇನ್ನೊಂದು ಮಲಗಿರುವುದಿಲ್ಲ. ಅದೂ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತದೆ.

ಎರಡೂ ಎಚ್ಚರವಾಗಿರುವಾಗ, ಆ ಹೊತ್ತಿಗೆ ಬೇಡದ ಭಾಷೆಯನ್ನು ಮಿದುಳು ಅದುಮಿ ಹಿಡಿಯಬೇಕಾಗುತ್ತದೆ. 1998ರಲ್ಲಿ ಬ್ರಿಟನ್ನಿನ ಡೇವಿಡ್ ಗ್ರೀನ್ ಮುಂದಿಟ್ಟ ವಾದ ಇದು. ಜೋರಾಗಿರುವ ಭಾಷೆಯನ್ನು ಅಷ್ಟೇ ಜೋರಾಗಿ ಅದುಮಬೇಕು. ಆಮೇಲೆ ಥಟ್ಟನೆ ಅದೇ ಬೇಕು ಎಂದರೆ ಆ ಹಿಡಿತ ಸಡಿಲವಾಗಲು ಹೊತ್ತು ಬೇಕು. ಹಾಗಾದರೆ ಎರಡೂ ಭಾಷೆ ಸಮನಾಗಿ ಜೋರಾಗಿದ್ದರೆ ತಡವೂ ಸಮವಾಗಿರಬೇಕು. ಸ್ಪೇನಿನ ಬಾರ್ಸಿಲೋನಾದಲ್ಲಿ ಸ್ಪ್ಯಾನಿಶ್ ಮತ್ತು ಅಲ್ಲಿನ ಕ್ಯಾಟಲನ್ ಎರಡನ್ನೂ ಸಮವಾಗಿ ಬಲ್ಲವರನ್ನು ಪರೀಕ್ಷಿಸಿದಾಗ ಎರಡೂ ಕಡೆಗೆ ತಡ ಹೆಚ್ಚುಕಡಿಮೆ ಒಂದೇ ಇತ್ತು.

ನಮ್ಮಲ್ಲಿ ಇದಕ್ಕೆ ಇನ್ನೊಂದು ತಿರುವು ಇದೆ. ನಿಮ್ಮ ಫೋನ್ ನಂಬರನ್ನು ಕನ್ನಡದಲ್ಲಿ ಹೇಳಿ ನೋಡೋಣ. ದಿನವಿಡೀ ಕನ್ನಡ ಮಾತಾಡುವವರಿಗೂ ಇಲ್ಲಿ ಇಂಗ್ಲಿಷೇ ಮೊದಲು ಬಾಯಿಗೆ ಬರುತ್ತದೆ. ಅದೇ ತರಕಾರಿ ಚೌಕಾಸಿಗೆ ನಿಂತರೆ ಕನ್ನಡವೇ ಮುಂದೆ. ಹಾಗಾಗಿ ‘ನನ್ನ ಬಲವಾದ ಭಾಷೆ ಯಾವುದು’ ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ. ವಿಷಯ ಬದಲಾದರೆ ಉತ್ತರವೂ ಬದಲಾಗುತ್ತದೆ.

[ಮಿದುಳಿನ ಚಿತ್ರ. ಒಳಭಾಗದಲ್ಲಿ ಬಾಗಿದ ಬಾಲದಂಥ ಒಂದು ಭಾಗ ಹೊಳೆಯುತ್ತದೆ]

ಈ ಹಿಡಿತ ಇರುವುದು ಎಲ್ಲಿ? ಹಣೆಯ ಹಿಂದಿನ ಭಾಗಗಳ ಜೊತೆ, ಮಿದುಳಿನ ಆಳದಲ್ಲಿರುವ ಕಾಡೇಟ್ ಎಂಬ ಭಾಗವೂ ಇದರಲ್ಲಿ ಕೈಜೋಡಿಸುತ್ತದೆ. 2000ದಲ್ಲಿ ಒಬ್ಬ ರೋಗಿಯ ಬಗ್ಗೆ ವರದಿ ಬಂತು. ಅವರಿಗೆ ಅರ್ಮೇನಿಯನ್, ಇಂಗ್ಲಿಷ್, ಇಟಾಲಿಯನ್ ಮೂರೂ ಬರುತ್ತಿದ್ದವು. ಎಡಗಡೆಯ ಕಾಡೇಟ್‌ಗೆ ಪೆಟ್ಟಾದ ಮೇಲೆ ಮೂರೂ ಭಾಷೆಗಳು ಅವರ ಬಾಯಲ್ಲಿ ತಾವಾಗಿಯೇ ಬೆರೆಯತೊಡಗಿದವು. ಪದಗಳು ಇದ್ದವು. ತಡೆಯುವುದು ಕೈಮೀರಿತ್ತು.

ಹಾಗಂತ ಬೆರೆಸಿ ಮಾತಾಡುವವರಿಗೆಲ್ಲ ಹಿಡಿತ ತಪ್ಪಿದೆ ಎಂದಲ್ಲ. ಈ ಮಾತನ್ನು ಒತ್ತಿ ಹೇಳಬೇಕು. ಏಕೆಂದರೆ ‘ಇವನಿಗೆ ಕನ್ನಡವೂ ನೆಟ್ಟಗೆ ಬರಲ್ಲ, ಇಂಗ್ಲಿಷೂ ಬರಲ್ಲ’ ಎಂದು ಮಕ್ಕಳನ್ನು ಬೈಯುವುದನ್ನು ಕೇಳಿದಾಗ ಬೇಜಾರಾಗುತ್ತದೆ. ಎಸ್ತಿ ಬ್ಲಾಂಕೊ-ಎಲೊರಿಯೆಟಾ ಮತ್ತು ಲೀನಾ ಪೈಲ್ಕನೆನ್ 2017ರಲ್ಲಿ ಅರಬಿಕ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರ ಮಿದುಳಿನ ಚಟುವಟಿಕೆ ಅಳೆದರು. ಬಣ್ಣ ನೋಡಿ ಭಾಷೆ ಬದಲಿಸು ಎಂದಾಗ ಹಿಡಿತದ ಭಾಗಗಳು ಜೋರಾಗಿ ದುಡಿದವು. ಸುಮ್ನೆ ಹರಟುತ್ತಾ ತಮಗೆ ತೋಚಿದಲ್ಲಿ ಬದಲಿಸಿದಾಗ ಆ ದುಡಿಮೆ ಕಡಿಮೆಯಾಯಿತು. ಎದುರಿನವರಿಗೂ ಎರಡೂ ಭಾಷೆ ಗೊತ್ತಿದ್ದರೆ, ಒಂದನ್ನು ಅದುಮಿ ಹಿಡಿಯುವ ಅಗತ್ಯವಾದರೂ ಏನು?

ಎದುರಿರುವವರು ಯಾರು ಎಂಬುದನ್ನು ಮಕ್ಕಳು ಬಹಳ ಬೇಗ ಗಮನಿಸುತ್ತಾರೆ. ಕೆನಡಾದ ಫ್ರೆಡ್ ಜೆನೆಸಿ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದ ಮಕ್ಕಳಿಗೆ ಆಗ ಸುಮಾರು 2 ವರ್ಷ. ಮನೆಯಲ್ಲಿ ಒಬ್ಬರದು ಫ್ರೆಂಚ್, ಇನ್ನೊಬ್ಬರದು ಇಂಗ್ಲಿಷ್. ಮಕ್ಕಳು ಎರಡನ್ನೂ ಬೆರೆಸುತ್ತಿದ್ದರು, ನಿಜ. ಆದರೂ ಅಮ್ಮನ ಭಾಷೆಯನ್ನು ಅಪ್ಪನಿಗಿಂತ ಅಮ್ಮನ ಜೊತೆಗೇ ಜಾಸ್ತಿ ಬಳಸುತ್ತಿದ್ದರು, ಅಪ್ಪನ ಭಾಷೆಯನ್ನು ಅಪ್ಪನ ಜೊತೆ. ಮಂಗಳೂರಿನ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ತುಳುವಿನಲ್ಲಿ ಉತ್ತರ ಕೊಟ್ಟು, ಅದೇ ಉಸಿರಿನಲ್ಲಿ ಅಕ್ಕನ ಕಡೆ ತಿರುಗಿ ಕನ್ನಡ, ಇಂಗ್ಲಿಷ್ ಬೆರೆಸಿ ಜಗಳವಾಡುವ ಮಗುವಿನ ಮಿದುಳೂ ಇದನ್ನೇ ಮಾಡುತ್ತಿದೆ.