ಕುದುರೆ ಹೋಯಿತು, ಬಿಲ್ಲೆ ಉಳಿಯಿತು

ಎಲ್ಲರಿಗೂ ನಮಸ್ಕಾರ. ಇವತ್ತು ಒಂದು ಪುಟ್ಟ ವಸ್ತುವಿನ ಬಗ್ಗೆ ಮಾತಾಡುತ್ತೇನೆ. ಕೋಟಿಗೆ ಚುಚ್ಚಿಕೊಳ್ಳುವ ಬಿಲ್ಲೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಮಾಜಿ ರಾವುತರ ಸಂಘಗಳು ತಮ್ಮ ಸದಸ್ಯರಿಗೆ ಇಂಥ ಗೌರವದ ಬಿಲ್ಲೆಗಳನ್ನು ಕೊಡುತ್ತಿದ್ದವು.

ಮೊದಲು ಈ ರಾವುತರು ಯಾರು ಅಂತ ನೋಡೋಣ. 1914ರಲ್ಲಿ ಜರ್ಮನ್ ಸೇನೆಯಲ್ಲಿ 110 ಅಶ್ವದಳ ರೆಜಿಮೆಂಟುಗಳಿದ್ದವು. ಹುಸಾರ್, ಉಲಾನ್, ಡ್ರಗೂನ್, ಕ್ಯುರಾಸಿಯರ್ ಅಂತೆಲ್ಲ ಹೆಸರು. ಒಂದೊಂದಕ್ಕೂ ಬೇರೆ ಬೇರೆ ಟೊಪ್ಪಿಗೆ, ಬೇರೆ ಬೇರೆ ಜಂಬ. ಕೈಯಲ್ಲಿ ಮೂರು ಮೀಟರಿಗೂ ಉದ್ದದ ಉಕ್ಕಿನ ಕೊಳವೆಯ ಭರ್ಜಿ. ಅದೇ ವರ್ಷ ಆಗಸ್ಟ್ 12ರಂದು ಬೆಲ್ಜಿಯಂನ ಹಾಲೆನ್ ಎಂಬಲ್ಲಿ ಇವರು ಮತ್ತೆ ಮತ್ತೆ ನುಗ್ಗಿದರು. ಎದುರಿಗಿದ್ದ ಬೆಲ್ಜಿಯನ್ನರು ಕುದುರೆಯಿಂದ ಇಳಿದು, ಮಲಗಿ, ರೈಫಲಿನಿಂದ ಗುರಿಯಿಟ್ಟರು. ನೂರಾರು ಕುದುರೆಗಳು ಹೊಲದಲ್ಲೇ ಉರುಳಿದವು. ಆ ಜಗಳಕ್ಕೆ ‘ಬೆಳ್ಳಿ ಹೆಲ್ಮೆಟ್‌ಗಳ ಕದನ’ ಅಂತ ಹೆಸರು ಬಂತು.

ಆಮೇಲೆ ಪಶ್ಚಿಮದ ರಣರಂಗದಲ್ಲಿ ಕಂದಕ, ಮುಳ್ಳುತಂತಿ, ಮೆಷಿನ್ ಗನ್. ಕುದುರೆಗೆ ಅಲ್ಲೇನು ಕೆಲಸ? ಎಷ್ಟೋ ರಾವುತರು ಕುದುರೆ ಬಿಟ್ಟು ಕಾಲಾಳುಗಳಾಗಿ ಹೋರಾಡಿದರು. ಯುದ್ಧ ಸೋತ ಮೇಲೆ ವರ್ಸೈ ಒಪ್ಪಂದ ಬಂತು. ಜರ್ಮನ್ ಸೇನೆಗೆ 1 ಲಕ್ಷದ ಮಿತಿ. ಅದರಲ್ಲಿ ಅಶ್ವದಳಕ್ಕೆ ಉಳಿದದ್ದು 18 ರೆಜಿಮೆಂಟು ಮಾತ್ರ. ಹಳೆಯ ರೆಜಿಮೆಂಟುಗಳ ನೆನಪು ಹೊರುವ ಹೊಣೆಯನ್ನು 1921ರಲ್ಲಿ ಸೇನಾ ಮುಖ್ಯಸ್ಥ ಹಾನ್ಸ್ ಫಾನ್ ಸೀಕ್ಟ್ ಹೊಸ ಸೇನೆಯ ತುಕಡಿಗಳಿಗೆ ಹಂಚಿದರು. ಮನೆ ಮುಳುಗಿದ ಮೇಲೆ ಪಾತ್ರೆ ಹಂಚಿಕೊಂಡಂತೆ ಅಂದುಕೊಳ್ಳಿ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ರಾಜ ಹೋದ ಮೇಲೆ ಬಂದ ಜರ್ಮನ್ ಗಣರಾಜ್ಯದ ಸಂವಿಧಾನ, ಅಂದರೆ 1919ರ ವೈಮಾರ್ ಸಂವಿಧಾನದ 109ನೇ ವಿಧಿ ಏನು ಹೇಳುತ್ತದೆ ಗೊತ್ತಾ? ಸರ್ಕಾರ ಬಿರುದು ಬಾವಲಿ, ಪದಕಗಳನ್ನು ಕೊಡಕೂಡದು. ರಾಜನ ಕಾಲದ ದೊಡ್ಡಸ್ತಿಕೆ ಇನ್ನು ಸಾಕು ಅನ್ನುವ ಉದ್ದೇಶ. ಉದ್ದೇಶವೇನೋ ಚೆನ್ನಾಗಿದೆ. ಆದರೆ ನಾಲ್ಕು ವರ್ಷ ಕೆಸರಲ್ಲಿ ಕಳೆದು ಬಂದವನಿಗೆ ಎದೆ ಮೇಲೆ ಏನಾದರೂ ಬೇಕಲ್ವಾ? ಸರ್ಕಾರ ಕೈಬಿಟ್ಟ ಕೆಲಸವನ್ನು ಸಂಘಗಳು ಎತ್ತಿಕೊಂಡವು. ಮಾಜಿ ಸೈನಿಕರ ದೊಡ್ಡ ಒಕ್ಕೂಟವಾದ ಕಿಫ್‌ಹೊಯ್ಸರ್‌ಬುಂಡ್ ತನ್ನದೇ ಸ್ಮರಣ ಪದಕ ಮಾಡಿಸಿತು. ರೆಜಿಮೆಂಟ್ ಸಂಘಗಳೂ ಹಿಂದೆ ಬೀಳಲಿಲ್ಲ. ಸುಮ್ನೆ ಚಂದಾ ಕಟ್ಟುವವನಿಗೆ ಒಂದು ಬಿಲ್ಲೆ, ವರ್ಷಗಟ್ಟಲೆ ಸಂಘಕ್ಕೆ ದುಡಿದವನಿಗೆ ಇನ್ನೊಂದು.

ಒಮ್ಮೆ ಒಬ್ಬ ಸಂಗ್ರಾಹಕರ ಮನೆಯಲ್ಲಿ ಅಂಥದ್ದೊಂದನ್ನು ಕೈಯಲ್ಲಿ ಹಿಡಿದಿದ್ದೆ. ಮುಂದೆ ಭರ್ಜಿ ಹಿಡಿದ ಸವಾರ. ಕುದುರೆಯ ಮೂತಿ ಸವೆದು ನುಣ್ಣಗಾಗಿತ್ತು. ಯಾರೋ ಹೆಬ್ಬೆರಳಿನಿಂದ ಉಜ್ಜುತ್ತಲೇ ಇದ್ದರೇನೋ. ಹಿಂದೆ ‘ಗೆಸ್. ಗೆಶ್.’ ಅಂತ ಅಚ್ಚು. ತಯಾರಕನ ಹೆಸರು ಅಂದುಕೊಂಡೆ. ಅವರು ಜೋರಾಗಿ ನಕ್ಕರು. ಈ ನಮೂನೆಯನ್ನು ಬೇರೆಯವರು ನಕಲು ಮಾಡುವಂತಿಲ್ಲ, ಕಾನೂನಿನ ರಕ್ಷಣೆ ಇದೆ ಅಂತ ಅದರ ಅರ್ಥವಂತೆ.

ಇನ್ನೊಂದು ಎಡವಟ್ಟು ತಲೆಬುರುಡೆಯದು. ಡಾನ್ಸಿಗ್ ನಗರದಲ್ಲಿದ್ದ ಎರಡು ಲೈಬ್ ಹುಸಾರ್ ರೆಜಿಮೆಂಟುಗಳ ಟೊಪ್ಪಿಗೆಯಲ್ಲಿ ತಲೆಬುರುಡೆ ಇತ್ತು. ಹಳೆಯ ಜರ್ಮನ್ ರಾಜ್ಯ ಪ್ರಷ್ಯದ ಹುಸಾರರಲ್ಲಿ ಅದು 18ನೇ ಶತಮಾನದಿಂದಲೇ ನಡೆದು ಬಂದದ್ದು. ಹಾಗಾಗಿ ಅವರ ಸಂಘದ ಬಿಲ್ಲೆಗಳಲ್ಲೂ ಅದು ಕಾಣುತ್ತದೆ. ನೋಡಿದ ಕೂಡಲೇ ‘ಎಸ್ಸೆಸ್ಸಿನದು’, ಅಂದರೆ ಹಿಟ್ಲರನ ನಾಜಿ ಪಕ್ಷದ ಪಡೆಯದು, ಅನ್ನುವವರೇ ಜಾಸ್ತಿ. ಎಸ್ಸೆಸ್ ಹುಟ್ಟಿದ್ದೇ 1925ರಲ್ಲಿ. ಹಾಗಂತ ಈ ಸಂಘಗಳೆಲ್ಲ ಬರೀ ಹಳೆ ಕಥೆ ಹೇಳುವ ಕೂಟಗಳು ಅಂದುಕೊಳ್ಳಬೇಡಿ. ಗಣರಾಜ್ಯವನ್ನು ಮನಸಾರೆ ಒಪ್ಪದವರು ಅಲ್ಲಿ ಬೇಕಾದಷ್ಟಿದ್ದರು. ಹಳೆಯ ಹುಸಾರ್ ಫೀಲ್ಡ್ ಮಾರ್ಷಲ್ ಮಾಕೆನ್ಸೆನ್ ಅದೇ ತಲೆಬುರುಡೆ ಟೊಪ್ಪಿಗೆ ಹಾಕಿಕೊಂಡು ಹಿಟ್ಲರನ ಸಮಾರಂಭಗಳಲ್ಲೂ ಮುಂದಿನ ಸಾಲಿನಲ್ಲಿ ಕಾಣಿಸಿಕೊಂಡರು.

ತಮಾಷೆ ಏನೆಂದರೆ, ಈ ಬಿಲ್ಲೆಗಳಿಗೆ ಕುತ್ತು ತಂದದ್ದು ಗಣರಾಜ್ಯವಲ್ಲ, ನಾಜಿ ಸರ್ಕಾರ. 1934ರ ಜುಲೈನಲ್ಲಿ ಆಗಿನ ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗ್ ಹೆಸರಿನಲ್ಲಿ ಸರ್ಕಾರಿ ಗೌರವ ಶಿಲುಬೆ ಬಂತು. ರಣರಂಗದಲ್ಲಿ ಹೋರಾಡಿದವರಿಗೆ ಕತ್ತಿಗಳಿರುವ ಶಿಲುಬೆ, ಉಳಿದವರಿಗೆ ಕತ್ತಿಯಿಲ್ಲದ್ದು. ಸತ್ತವರ ಹೆಂಡತಿಗೂ ತಂದೆತಾಯಿಗೂ ಬೇರೆ. ಕತ್ತಿಯಿದ್ದ ಶಿಲುಬೆಗಳೇ 60 ಲಕ್ಷ ದಾಟಿದವು. ಸರ್ಕಾರವೇ ಹಂಚಲು ನಿಂತ ಮೇಲೆ ಸಂಘಗಳ ಪದಕಗಳಿಗೆ ಜಾಗವೆಲ್ಲಿ? ಅವುಗಳಲ್ಲಿ ಎಷ್ಟೋ ಪದಕಗಳನ್ನು ಧರಿಸುವುದೇ ನಿಷಿದ್ಧವಾಯಿತು.

ನಾನು ಹಿಡಿದು ನೋಡಿದ ಬಿಲ್ಲೆಯ ಪಿನ್ನು ತುಸು ಬಾಗಿತ್ತು. ಅದಕ್ಕೆ ಕಪ್ಪು ನೂಲಿನ ಒಂದು ಎಳೆ ಇನ್ನೂ ಅಂಟಿಕೊಂಡಿತ್ತು.