ಅಲಾರಂ ಹೊಡೆದಮೇಲೆ ಏನು?

ಗೆಳೆಯರೇ, ವಿಮಾನ ನಿಲ್ದಾಣದ ಭದ್ರತೆ ಅಂದಕೂಡಲೇ ನಮಗೆ ನೆನಪಾಗುವುದು ಬ್ಯಾಗ್ ಸ್ಕ್ಯಾನರ್, ಬೆಲ್ಟ್ ಬಿಚ್ಚಿಸುವ ಸಾಲು. ನಾನು ಮಾತಾಡುವುದು ಹಿಂದುಗಡೆಯ ಬೇಲಿ ಬಗ್ಗೆ, ಅದಕ್ಕೆ ಹಾಕುವ ದುಡ್ಡಿನ ಬಗ್ಗೆ.

2012ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಒಬ್ಬನ ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡುವ ಸ್ಕೂಟರ್, ನೀರಿನ ಮಧ್ಯೆ ಕೆಟ್ಟು ನಿಂತಿತು. ಈಜಿ ದಡ ಸೇರಿದ. ಕೆನಡಿ ವಿಮಾನ ನಿಲ್ದಾಣದ 8 ಅಡಿ ಬೇಲಿ ಹತ್ತಿ ಇಳಿದು, ಮೈಮೇಲೆ ಹಳದಿ ಲೈಫ್ ಜಾಕೆಟ್ ಇದ್ದ ಹಾಗೇ, ರನ್‌ವೇ ದಾಟಿ ಟರ್ಮಿನಲ್‌ವರೆಗೂ ನಡೆದ. ಸುಮಾರು 10 ಕೋಟಿ ಡಾಲರ್‌ ಸುರಿದ ಎಚ್ಚರಿಕೆ ವ್ಯವಸ್ಥೆಗೆ ಅದು ತಿಳಿಯಲೇ ಇಲ್ಲ. 2014ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ 15 ವರ್ಷದ ಹುಡುಗ ಬೇಲಿ ಹತ್ತಿ, ವಿಮಾನದ ಚಕ್ರದ ಗೂಡಿನಲ್ಲಿ ಕೂತು ಹವಾಯಿಗೆ ಹೋದ. ಬದುಕಿದ್ದೇ ಹೆಚ್ಚು. ಕ್ಯಾಮೆರಾದಲ್ಲಿ ಎಲ್ಲ ರೆಕಾರ್ಡ್ ಆಗಿತ್ತು, ಆ ಹೊತ್ತಿನಲ್ಲಿ ಯಾರೂ ಗಮನಿಸಿರಲಿಲ್ಲ.

ಹಾಗಂತ ತಂತ್ರಜ್ಞಾನ ಕೆಟ್ಟದ್ದಲ್ಲ. ಬೇಲಿಯುದ್ದಕ್ಕೂ ಆಪ್ಟಿಕಲ್ ಫೈಬರ್, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆ, ಕಟ್ಟಿ ಬೆಳಕಿನ ಮಿಡಿತ ಕಳಿಸುತ್ತಾರೆ. ಯಾರಾದರೂ ಬೇಲಿ ಅಲುಗಾಡಿಸಿದರೆ ವಾಪಸ್ ಬರುವ ಬೆಳಕು ಬದಲಾಗುತ್ತದೆ, ಎಲ್ಲಿ ಅನ್ನುವುದೂ ಕೆಲವೇ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಕೆನಡಾದ ಸೆನ್‌ಸ್ಟಾರ್ ಕಂಪನಿ ಇಂಥದ್ದನ್ನು ಮಾರುತ್ತದೆ. ಜೊತೆಗೆ ನೆಲದ ರೇಡಾರ್, ಮೈಯ ಶಾಖ ಗುರುತಿಸುವ ಥರ್ಮಲ್ ಕ್ಯಾಮೆರಾ. ಆದರೆ ಗಾಳಿಯೂ ಬೇಲಿ ಅಲ್ಲಾಡಿಸುತ್ತದೆ, ಮಳೆ, ನಾಯಿ, ಬಳ್ಳಿ ಕೂಡ. ರಾತ್ರಿಯೆಲ್ಲ ಸುಮ್ನೆ ಅಲಾರಂ ಹೊಡೆಯುತ್ತಿದ್ದರೆ ಕಂಟ್ರೋಲ್ ರೂಮಿನಲ್ಲಿ ಕೂತವನು ನಂಬುವುದು ಬಿಡುತ್ತಾನೆ ಅಥವಾ ಸೆನ್ಸರ್‌ನ ಸೂಕ್ಷ್ಮತೆ ಕಡಿಮೆ ಮಾಡಿಬಿಡುತ್ತಾನೆ. ಅವನನ್ನು ಬೈದು ಪ್ರಯೋಜನ ಇಲ್ಲ, ಯಾರೇ ಆದರೂ ಹಾಗೇ ಮಾಡುತ್ತಾರೆ. ಸುಳ್ಳು ಅಲಾರಂ ಕಡಿಮೆ ಮಾಡುವುದೇ ಇಲ್ಲಿ ಅಸಲಿ ಕಸುಬು, ಕಷ್ಟದ್ದೂ ಅದೇ.

ಇನ್ನು ಸಮಯ. 2013ರ ಫೆಬ್ರವರಿಯಲ್ಲಿ ಬ್ರಸೆಲ್ಸ್‌ನಲ್ಲಿ ಪೊಲೀಸ್ ವೇಷದ 8 ಮಂದಿ ಬೇಲಿ ಕತ್ತರಿಸಿ ಗಾಡಿಯಲ್ಲೇ ಒಳಗೆ ಬಂದು, ವಿಮಾನದಿಂದ ಸುಮಾರು 5 ಕೋಟಿ ಡಾಲರ್‌ ಬೆಲೆಯ ವಜ್ರ ಎತ್ತಿಕೊಂಡು ನಿಮಿಷಗಳಲ್ಲಿ ಮಾಯವಾದರು. ಒಂದು ಗುಂಡೂ ಹಾರಲಿಲ್ಲ. ಅಲಾರಂ ಹೊಡೆದರೂ ಕಾವಲು ಗಾಡಿ ಅಲ್ಲಿಗೆ ಬರಲು ಹತ್ತು ನಿಮಿಷ ಬೇಕಾದರೆ ಎಷ್ಟು ಒಳ್ಳೆಯ ಸೆನ್ಸರ್ ಇದ್ದು ಏನು ಬಂತು, ಅಲ್ವಾ?

ನಮ್ಮಲ್ಲಿ 2016ರ ಪಠಾಣ್‌ಕೋಟ್ ವಾಯುನೆಲೆ ಮೇಲಿನ ಉಗ್ರರ ದಾಳಿಯ ನಂತರ ವಾಯುನೆಲೆಗಳ ಬೇಲಿ ಬಗ್ಗೆ ಕಾಳಜಿ ಜಾಸ್ತಿಯಾಯಿತು, ನಮ್ಮ ಬೆಂಗಳೂರಿನ ಸರ್ಕಾರಿ ರಕ್ಷಣಾ ಎಲೆಕ್ಟ್ರಾನಿಕ್ಸ್ ಕಂಪನಿ ಬಿಇಎಲ್‌ ಈ ಕೆಲಸದಲ್ಲಿದೆ. ನಾಗರಿಕ ನಿಲ್ದಾಣಗಳಿಗೆ ನಿಯಮ ಬರೆಯುವುದು ಕೇಂದ್ರದ ವಿಮಾನಯಾನ ಭದ್ರತಾ ಸಂಸ್ಥೆ ಬಿಸಿಎಎಸ್, ದೊಡ್ಡ ನಿಲ್ದಾಣಗಳಲ್ಲಿ ಕಾಯುವುದು ಕೇಂದ್ರ ಕೈಗಾರಿಕಾ ಭದ್ರತಾ ಪಡೆ, ಅಂದರೆ ಸಿಐಎಸ್‌ಎಫ್. ನೀವು ಎಂಜಿನಿಯರಿಂಗ್ ಓದುತ್ತಿರುವವರು, ನಾಳೆ ಇಂಥ ಟೆಂಡರ್ ಬರೆಯುವ ಜಾಗದಲ್ಲಿ ಕೂರಬಹುದು. ಆಗ ಕಿಲೋಮೀಟರಿಗೆ ಎಷ್ಟು ಅಂತ ಮಾತ್ರ ಕೇಳಬೇಡಿ. ಅದೇ ಜಾಗದಲ್ಲಿ ಒಂದು ಪೂರ್ತಿ ಮಳೆಗಾಲ ಓಡಿಸಿ ತೋರಿಸಿ, ಎಷ್ಟು ಸುಳ್ಳು ಅಲಾರಂ ಬಂತು ಅನ್ನುವ ಲೆಕ್ಕ ಕೊಡಿ, ಆಮೇಲೆ ದುಡ್ಡು ಅನ್ನಿ. ಬೇಲಿ ಕಾಯುವ ಜವಾನರನ್ನೂ ಆ ಮೀಟಿಂಗಿಗೆ ಕರೆಸಿ.