ಓಡುತ್ತಿರುವ ಲೆಕ್ಕಕ್ಕೆ ಹೊಸ ಕಾಲಮ್

ಕೇಳುಗರೆಲ್ಲರಿಗೂ ನಮಸ್ಕಾರ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಒಂದು ಉಡುಪಿಯಲ್ಲಿ ಹುಟ್ಟಿದ್ದು, ಇನ್ನೊಂದು ಮಂಗಳೂರಿನಲ್ಲಿ. ಹಾಗಾಗಿ ನಮ್ಮ ಕಡೆಯವರಿಗೆ ಅದು ಮನೆಯ ಸುದ್ದಿಯೇ. ಬೋರ್ಡು ಬದಲಾಯಿತು, ಪಾಸ್‌ಬುಕ್ ಬದಲಾಯಿತು, ಐಎಫ್‌ಎಸ್‌ಸಿ ಕೋಡ್ ಕೂಡ ಬದಲಾಯಿತು. ಆ 11 ಅಕ್ಷರದ ಕೋಡ್ ಮೊದಲು ಎಸ್‌ವೈಎನ್‌ಬಿ ಎಂದು ಶುರುವಾಗುತ್ತಿತ್ತು, ಆಮೇಲೆ ಸಿಎನ್‌ಆರ್‌ಬಿ ಆಯಿತು. ಆದರೆ ಹಳೆಯ ಕೋಡನ್ನು ರಾತ್ರೋರಾತ್ರಿ ಕಿತ್ತು ಹಾಕಲಿಲ್ಲ. 2021ರ ಜೂನ್ 30ರವರೆಗೆ ಅದೂ ನಡೆಯುತ್ತಿತ್ತು. ಈ ವಿಷಯ ನೆನಪಿಟ್ಟುಕೊಳ್ಳಿ, ಇವತ್ತಿನ ಮಾತೆಲ್ಲ ಇದರ ಸುತ್ತವೇ ಇದೆ.

ಸಹಕಾರಿ ಸಂಘಗಳ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಡೇಟಾಬೇಸ್ ಎಂದರೆ ಟೇಬಲ್‌ಗಳ ಗುಂಪು. ಸದಸ್ಯರದ್ದೊಂದು ಟೇಬಲ್, ಠೇವಣಿಯದ್ದೊಂದು, ಪಿಗ್ಮಿಯದ್ದೊಂದು. ಸದಸ್ಯರ ಟೇಬಲ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಹೆಸರು, ಮೊಬೈಲ್, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಇವೆಲ್ಲ ಕಾಲಮ್‌ಗಳು. ಸಾಲುಗಳು ದಿನಾ ಸೇರುತ್ತವೆ, ತಿದ್ದುಪಡಿ ಆಗುತ್ತವೆ. ಅದು ಮಾಮೂಲಿ. ಆದರೆ ಕಾಲಮ್ ಸೇರಿಸುವುದು, ತೆಗೆಯುವುದು, ಅದರ ಬಗೆ ಬದಲಿಸುವುದು ಬೇರೆಯೇ ಕೆಲಸ. ಅದಕ್ಕೆ ಡೇಟಾಬೇಸಿನೊಡನೆ ಮಾತಾಡುವ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ‘ಆಲ್ಟರ್ ಟೇಬಲ್’ ಎಂಬ ಕಮಾಂಡ್ ಇದೆ.

ಕಮಾಂಡ್ ಒಂದೇ ಸಾಲಿನದು. ಕಾಲೇಜಿನಲ್ಲಿ ಒಂದು ಕ್ಲಾಸಿನಲ್ಲಿ ಕಲಿಸಿ ಮುಗಿಸುತ್ತಾರೆ. ಖಾಲಿ ಟೇಬಲ್ ಮೇಲೆ ಕಲಿತದ್ದನ್ನು ಜನ ಬಳಸುತ್ತಿರುವ ಟೇಬಲ್ ಮೇಲೆ ಹಾಗೆಯೇ ಓಡಿಸಿದರೆ ಕಷ್ಟ. ಮನೆಯೊಳಗೆ ಜನ ಇರುವಾಗಲೇ ಮಾಡಿನ ಹೆಂಚು ಬದಲಿಸುವ ಕೆಲಸ ಇದು. ಬೇಕಾದ್ದನ್ನು ಮೊದಲು ಸೇರಿಸಬೇಕು, ನಿಧಾನಕ್ಕೆ ತುಂಬಬೇಕು, ಬೇಡವಾದ್ದನ್ನು ಎಲ್ಲಕ್ಕಿಂತ ಕೊನೆಗೆ ತೆಗೆಯಬೇಕು. ಈ ಕ್ರಮ ತಪ್ಪಬಾರದು ಎಂಬುದೇ ನನ್ನ ಕಳಕಳಿ.

ಐಎಫ್‌ಎಸ್‌ಸಿಯನ್ನೇ ತೆಗೆದುಕೊಳ್ಳೋಣ. ಸದಸ್ಯರ ಟೇಬಲ್‌ನಲ್ಲಿ ಹಳೆಯ ಕೋಡ್ ಇದೆ. ಅದರ ಮೇಲೆಯೇ ಹೊಸದನ್ನು ಬರೆದುಬಿಟ್ಟರೆ ಹಳೆಯದು ಹೋಯಿತು. ಯಾವುದೋ ಶಾಖೆಯ ಕೋಡ್ ತಪ್ಪಾಗಿದ್ದರೆ ಹಿಂದೆ ಹೋಗಿ ತಾಳೆ ನೋಡಲು ಏನೂ ಉಳಿಯುವುದಿಲ್ಲ. ಅದರ ಬದಲು ‘ಹೊಸ ಐಎಫ್‌ಎಸ್‌ಸಿ’ ಎಂದು ಇನ್ನೊಂದು ಕಾಲಮ್ ಸೇರಿಸಿ. ಸದ್ಯಕ್ಕೆ ಅದು ಖಾಲಿ ಇರಲಿ. ಹಳೆಯ ಪ್ರೋಗ್ರಾಮಿಗೆ ಅದು ಇರುವುದೇ ಗೊತ್ತಿಲ್ಲ, ಅದರ ಪಾಡಿಗೆ ಅದು ನಡೆಯುತ್ತದೆ. ಆಮೇಲೆ ಪ್ರೋಗ್ರಾಮಿನಲ್ಲಿ ಸಣ್ಣ ಬದಲಾವಣೆ ಮಾಡಿ: ಹೊಸ ಕೋಡ್ ಇದ್ದರೆ ಅದನ್ನು ಬಳಸು, ಇಲ್ಲದಿದ್ದರೆ ಹಳೆಯದನ್ನು. ಇನ್ನು ಕಾಲಮ್ ತುಂಬುತ್ತಾ ಬನ್ನಿ. ಎಲ್ಲವನ್ನೂ ಒಂದೇ ಏಟಿಗೆ ಬೇಡ, ಒಂದು ಸಲಕ್ಕೆ ಸಾವಿರ ಸಾಲು ಸಾಕು. ನಡುವೆ ಒಂಚೂರು ಬಿಡುವು ಕೊಡಿ. ಲಕ್ಷ ಸಾಲನ್ನು ಒಂದೇ ಅಪ್‌ಡೇಟ್‌ನಲ್ಲಿ ಬರೆದರೆ ಅಷ್ಟೂ ಸಾಲಿಗೆ ಲಾಕ್ ಬೀಳುತ್ತದೆ, ಅಂದರೆ ಆ ಕೆಲಸ ಮುಗಿಯುವವರೆಗೆ ಬೇರೆಯವರು ಅವನ್ನು ಬದಲಿಸುವಂತಿಲ್ಲ, ಕೌಂಟರಿನಲ್ಲಿ ನಿಂತವರು ಕಾಯಬೇಕಾಗುತ್ತದೆ. ಎಲ್ಲ ತುಂಬಿ, ತಾಳೆ ನೋಡಿ, ಹಳೆಯ ಕಾಲಮನ್ನು ಯಾರೂ ಮುಟ್ಟುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಅದನ್ನು ತೆಗೆಯಿರಿ. ಬ್ಯಾಂಕ್ ಮಾಡಿದ್ದೂ ಇದನ್ನೇ, ಅಲ್ವಾ? ಎರಡೂ ಕೋಡ್ ಸ್ವಲ್ಪ ಕಾಲ ಜೊತೆಗೆ ನಡೆದವು, ಕೊನೆಗೆ ಹಳೆಯದು ನಿಂತಿತು.

ಲಾಕ್ ಎಂದೆ. ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಸಂಘದ ಸರ್ವರ್ ನಿಂತುಹೋಗುವುದು ಹೆಚ್ಚಾಗಿ ಇಲ್ಲೇ, ಮತ್ತು ಯಾಕೆ ನಿಂತಿತು ಎಂಬುದು ಅಲ್ಲಿದ್ದವರಿಗೆ ತಿಳಿಯುವುದೇ ಇಲ್ಲ.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇದೆ, ಉಚಿತ, ತುಂಬ ಒಳ್ಳೆಯದು. ಅದರಲ್ಲಿ ಕಾಲಮ್ ಸೇರಿಸುವಾಗ ಆ ಟೇಬಲ್ ಒಂದು ಕ್ಷಣಕ್ಕಾದರೂ ಪೂರ್ತಿಯಾಗಿ ಆ ಕಮಾಂಡ್‌ನ ಕೈಯಲ್ಲೇ ಇರಬೇಕು. ಆ ಕ್ಷಣ ಬೇರೆಯವರು ಬರೆಯುವುದು ಹಾಗಿರಲಿ, ಓದುವಂತೆಯೂ ಇಲ್ಲ. ಒಂದು ಕ್ಷಣ ತಾನೇ ಎಂದು ನಾವು ಅಂದುಕೊಳ್ಳುತ್ತೇವೆ. ಈಗ ಬೆಳಗ್ಗೆ ಹತ್ತೂವರೆ ಎಂದುಕೊಳ್ಳಿ. ಲೆಕ್ಕಿಗರು ವರ್ಷದ ವರದಿ ತೆಗೆಯಲು ಕೊಟ್ಟಿದ್ದಾರೆ. ಅದು ಸದಸ್ಯರ ಟೇಬಲನ್ನು ಓದುತ್ತಾ ಕೂತಿದೆ, ಮುಗಿಯಲು 20 ನಿಮಿಷ ಬೇಕು. ಆಗ ನಾವು ಆಲ್ಟರ್ ಟೇಬಲ್ ಕೊಟ್ಟೆವು. ವರದಿ ಮುಗಿಯುವವರೆಗೆ ಅದು ಕಾಯುತ್ತದೆ. ಕಾಯಲಿ ಬಿಡಿ, ಏನಾಯಿತು? ಆಗುವುದು ಆಮೇಲೆ. ಅದರ ಹಿಂದೆ ಬಂದವರೆಲ್ಲ ಅದರ ಬೆನ್ನಿಗೆ ಸಾಲು ನಿಲ್ಲುತ್ತಾರೆ. ಪಿಗ್ಮಿ ಸಂಗ್ರಾಹಕರು ಪೇಟೆಯಲ್ಲಿ ಅಂಗಡಿ ಮುಂದೆ ನಿಂತು ಮೊಬೈಲಿನಲ್ಲಿ ಹೆಸರು ಹುಡುಕುತ್ತಾರೆ, ಚಕ್ರ ತಿರುಗುತ್ತದೆ, ಹೆಸರು ಬರುವುದಿಲ್ಲ. ಕೌಂಟರಿನಲ್ಲಿ ಬರುವುದಿಲ್ಲ. ಸುಮ್ನೆ ಓದುವುದಕ್ಕೂ ಬರುವುದಿಲ್ಲ. ‘ಎಂತ ಮಾರಾಯ್ರೆ, ಸಿಸ್ಟಮ್ ಬಿದ್ದಿದೆಯಾ?’ ಎಂದು ಫೋನ್ ಬರುತ್ತದೆ. ಸಿಸ್ಟಮ್ ಬಿದ್ದಿಲ್ಲ. ಇನ್ನೂ ಶುರುವೇ ಆಗದ ಒಂದು ಆಲ್ಟರ್ ಟೇಬಲ್ ದಾರಿ ಕಟ್ಟಿ ನಿಂತಿದೆ, ಅಷ್ಟೆ.

ಇದಕ್ಕೆ ಮದ್ದು ಸುಲಭ. ಕಮಾಂಡ್ ಕೊಡುವ ಮೊದಲು ‘ಲಾಕ್ ಟೈಮ್‌ಔಟ್’ ಎಂಬುದನ್ನು ಎರಡೋ ಮೂರೋ ಸೆಕೆಂಡಿಗೆ ಇಡಿ. ಅಷ್ಟರಲ್ಲಿ ಜಾಗ ಸಿಗದಿದ್ದರೆ ಕಮಾಂಡ್ ತಾನೇ ಹಿಂದೆ ಸರಿಯುತ್ತದೆ, ಉಳಿದವರ ಕೆಲಸ ನಡೆಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಡಿ. ಮೈಎಸ್‌ಕ್ಯುಎಲ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿಯೂ ಇಂಥದ್ದೇ ಕಾಯುವಿಕೆ ಇದೆ, ಅದಕ್ಕೂ ಮಿತಿ ಹಾಕಬಹುದು. ಅಲ್ಲಿ ಈ ಮಿತಿ ಮೊದಲಿನಿಂದ ಇರುವುದು ಒಂದು ವರ್ಷದಷ್ಟು. ಹಾಗಾಗಿ ನಾವೇ ಇಳಿಸಬೇಕು.

ಕಾಲಮ್ ಸೇರಿಸುವ ಕೆಲಸ ಈಗ ಮೊದಲಿಗಿಂತ ಹಗುರ. ‘ಹೊಸ ಕಾಲಮ್ ಸೇರಿಸು, ಎಲ್ಲರಿಗೂ ಸೊನ್ನೆ ಹಾಕು’ ಎಂದರೆ ಹಿಂದೆ ಪೋಸ್ಟ್‌ಗ್ರೆಸ್ ಇಡೀ ಟೇಬಲನ್ನು ಹೊಸದಾಗಿ ಬರೆಯುತ್ತಿತ್ತು. 2018ರಲ್ಲಿ ಬಂದ 11ನೇ ಆವೃತ್ತಿಯಿಂದ ಆ ಸೊನ್ನೆಯನ್ನು ಒಂದೇ ಕಡೆ ಗುರುತು ಹಾಕಿಟ್ಟುಕೊಳ್ಳುತ್ತದೆ. ಹಳೆಯ ಸಾಲನ್ನು ಯಾರಾದರೂ ಕೇಳಿದಾಗ ಆ ಗುರುತು ನೋಡಿ ಉತ್ತರ ಕೊಡುತ್ತದೆ. ಮೈಎಸ್‌ಕ್ಯುಎಲ್‌ಗೂ ಅದೇ ವರ್ಷ 8.0.12ರಲ್ಲಿ ಇಂಥ ಸೌಲಭ್ಯ ಬಂತು. ನಿಮ್ಮ ಸರ್ವರಿನ ಆವೃತ್ತಿ ಯಾವುದು ಎಂದು ನೋಡಿಯೇ ಮುಂದುವರಿಯಿರಿ. ಒಂದೇ ಕಮಾಂಡ್ ಒಂದು ಕಡೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಇನ್ನೊಂದು ಕಡೆ ಅರ್ಧ ದಿನ ತಿನ್ನುತ್ತದೆ.

ಕಾಲಮ್‌ನ ಬಗೆ ಬದಲಿಸುವುದು ಇನ್ನೊಂದು. ಹಳೆಯ ಸಾಫ್ಟ್‌ವೇರ್‌ಗಳಲ್ಲಿ ಫೋನ್ ನಂಬರನ್ನು ಅಂಕಿ ಎಂದು ತಿಳಿದು ಇಂಟಿಜರ್ ಕಾಲಮ್‌ನಲ್ಲಿ ಇಟ್ಟಿರುತ್ತಾರೆ. ಮಂಗಳೂರಿನ ಎಸ್‌ಟಿಡಿ ಕೋಡ್ 0824, ಉಡುಪಿಯದು 0820. ಅಂಕಿಯಾಗಿ ಇಟ್ಟರೆ ಮುಂದಿನ ಸೊನ್ನೆ ಹೋಗುತ್ತದೆ. ಮೊಬೈಲ್ ಬಂದ ಮೇಲೆ ಇನ್ನೂ ಕಷ್ಟ. ಸಾಮಾನ್ಯ ಇಂಟಿಜರ್ ಕಾಲಮ್ ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647. ಒಂಬತ್ತರಿಂದ ಶುರುವಾಗುವ ಹತ್ತಂಕಿಯ ಮೊಬೈಲ್ ನಂಬರ್ ಇದಕ್ಕಿಂತ ದೊಡ್ಡದು, ಅದರಲ್ಲಿ ಹಿಡಿಸುವುದಿಲ್ಲ. ಹಳೆಯ ಮೈಎಸ್‌ಕ್ಯುಎಲ್ ಇದನ್ನು ಗಟ್ಟಿಯಾಗಿ ಹೇಳುತ್ತಲೂ ಇರಲಿಲ್ಲ. ಒಂದು ಎಚ್ಚರಿಕೆ ಕೊಟ್ಟು, ಹಿಡಿಯುವಷ್ಟನ್ನು ಬರೆದುಕೊಂಡು ಸುಮ್ಮನಾಗುತ್ತಿತ್ತು. ಸದಸ್ಯರ ಪಟ್ಟಿ ತೆಗೆದರೆ ಒಬ್ಬರ ಕೆಳಗೆ ಒಬ್ಬರು, ಎಲ್ಲರ ಮೊಬೈಲ್ 2147483647. ಇಂಥ ಪಟ್ಟಿ ಕಂಡರೆ ಕಾಲಮ್‌ನ ಬಗೆ ಬದಲಿಸಿ ಪ್ರಯೋಜನವಿಲ್ಲ. ಒಳಗೆ ಇದ್ದ ನಂಬರ್ ಆಗಲೇ ಕಳೆದುಹೋಗಿದೆ, ಒಬ್ಬೊಬ್ಬರನ್ನೂ ಮತ್ತೆ ಕೇಳಬೇಕು. ಫೋನ್ ನಂಬರನ್ನು, ಪಿನ್‌ಕೋಡನ್ನು ಯಾರೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಅವನ್ನು ಅಕ್ಷರದ ಕಾಲಮ್‌ನಲ್ಲೇ ಇಡಿ.

ಇದೇ 2147483647 ದೊಡ್ಡವರನ್ನೂ ಬಿಟ್ಟಿಲ್ಲ. 2018ರ ನವೆಂಬರ್ 8ರಂದು ಬೇಸ್‌ಕ್ಯಾಂಪ್ ಎಂಬ ಅಮೆರಿಕದ ಸೇವೆಯ ಒಂದು ಟೇಬಲ್‌ನಲ್ಲಿ ಸಾಲಿನ ಕ್ರಮಸಂಖ್ಯೆ ಈ ಮಿತಿಗೆ ಬಂದು ಮುಟ್ಟಿತು. ಮುಂದಿನ ಸಾಲಿಗೆ ಜಾಗವೇ ಇಲ್ಲ. ಕಾಲಮನ್ನು ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ‘ಬಿಗ್‌ಇಂಟ್’ ಮಾಡುವವರೆಗೆ ಹೆಚ್ಚುಕಡಿಮೆ ಐದು ಗಂಟೆ ಬಳಕೆದಾರರು ಓದಬಹುದಿತ್ತು, ಏನನ್ನೂ ಬರೆಯುವಂತಿರಲಿಲ್ಲ. ತಪ್ಪು ಎಲ್ಲಿಯದು ಎಂದು ತಿಳಿದ ಮೇಲೂ ಅಷ್ಟು ದೊಡ್ಡ ಟೇಬಲನ್ನು ಹೊಸದಾಗಿ ಬರೆಯಲು ಹೊತ್ತು ಬೇಕೇ ಬೇಕು. ಪಿಗ್ಮಿ ಸಂಗ್ರಹದ ಟೇಬಲ್‌ಗೆ ದಿನವೂ ಸಾಲು ಬೀಳುತ್ತವೆ. ಅದರ ಕ್ರಮಸಂಖ್ಯೆ ಎಲ್ಲಿಗೆ ಬಂದಿದೆ ಎಂದು ವರ್ಷಕ್ಕೊಮ್ಮೆ ನೋಡಿದರೆ ಸಾಕು.

ಹೆಸರು ಬದಲಿಸುವುದು ಡೇಟಾಬೇಸಿಗೆ ಏನೂ ಅಲ್ಲ, ಕ್ಷಣದ ಕೆಲಸ. ಆದರೆ ಹಳೆಯ ಹೆಸರನ್ನೇ ನಂಬಿದ ಪ್ರೋಗ್ರಾಮ್‌ಗಳು ಅದೇ ಕ್ಷಣ ಕೈಕೊಡುತ್ತವೆ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಈ ಟೇಬಲ್‌ಗಳ ಪದ್ಧತಿಯನ್ನು ಮುಂದಿಟ್ಟಾಗ ಅವರ ಮುಖ್ಯ ಕಾಳಜಿ ಇದೇ ಆಗಿತ್ತು. ಒಳಗೆ ಡೇಟಾ ಹೇಗೆ ಜೋಡಿಸಿಟ್ಟಿದೆ ಎಂಬುದು ಬಳಸುವವರನ್ನು ಕಾಡಬಾರದು ಎಂದರು. ಅವರ ಆ ಆಸೆಗೆ ಹತ್ತಿರದ ಸಾಧನ ‘ವ್ಯೂ’, ಅಂದರೆ ತಾನು ಏನೂ ಇಟ್ಟುಕೊಳ್ಳದೆ ಟೇಬಲ್‌ನಲ್ಲಿ ಇರುವುದನ್ನೇ ತೋರಿಸುವ ಕಿಟಕಿ. ಟೇಬಲ್‌ನ ಹೆಸರು ಬದಲಿಸಿ, ಹಳೆಯ ಹೆಸರಿನಲ್ಲಿ ಒಂದು ವ್ಯೂ ಮಾಡಿಡಿ. ಹಳೆಯ ಪ್ರೋಗ್ರಾಮ್ ಅದನ್ನೇ ಟೇಬಲ್ ಎಂದುಕೊಂಡು ನಡೆಯುತ್ತದೆ. ನನಗೆ ಕೇಳಿದರೆ, ಬರೀ ಚೆಂದ ಕಾಣಲಿ ಎಂದು ಓಡುತ್ತಿರುವ ಟೇಬಲ್‌ನ ಹೆಸರು ಬದಲಿಸಲೇಬಾರದು.

ಮಾಡಿದ್ದು ಬೇಡ ಎನಿಸಿದರೆ ಹಿಂದೆ ಬರಬಹುದೇ? ಪೋಸ್ಟ್‌ಗ್ರೆಸ್‌ನಲ್ಲಿ ಬರಬಹುದು. ‘ಬಿಗಿನ್’ ಎಂದು ಶುರುಮಾಡಿ, ಆಲ್ಟರ್ ಟೇಬಲ್ ಕೊಟ್ಟು, ‘ರೋಲ್‌ಬ್ಯಾಕ್’ ಎಂದರೆ ಟೇಬಲ್ ಮೊದಲಿದ್ದ ಹಾಗೆ. ಮೈಎಸ್‌ಕ್ಯುಎಲ್‌ನಲ್ಲಿ, ಒರಾಕಲ್ ಎಂಬ ಡೇಟಾಬೇಸಿನಲ್ಲಿ ಆಗುವುದಿಲ್ಲ. ಅಲ್ಲಿ ಆಲ್ಟರ್ ಟೇಬಲ್ ಕೊಟ್ಟ ಕೂಡಲೇ ಅದಕ್ಕೂ ಮೊದಲು ಮಾಡಿದ್ದೆಲ್ಲ ಸೇರಿ ಪಕ್ಕಾ ಆಗಿಬಿಡುತ್ತದೆ. ಇಂಜಿನಿಯರಿಂಗ್ ಓದುವ ಮಕ್ಕಳು ಎರಡರಲ್ಲೂ ಇದನ್ನು ಒಮ್ಮೆ ಮಾಡಿ ನೋಡಬೇಕು, ವ್ಯತ್ಯಾಸ ಮರೆಯುವುದಿಲ್ಲ. ಇನ್ನು ಬ್ಯಾಕಪ್. ಬ್ಯಾಕಪ್ ಇದೆ ಎಂದರೆ ಸಾಲದು, ಅದನ್ನು ಬೇರೆ ಯಂತ್ರದಲ್ಲಿ ಬಿಚ್ಚಿ ಟೇಬಲ್ ತೆರೆದು ನೋಡಿರಬೇಕು. ಆ ಯಂತ್ರದಲ್ಲೇ ಆಲ್ಟರ್ ಟೇಬಲ್ ಓಡಿಸಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಸಂಘದ ಕಾರ್ಯದರ್ಶಿಗಳು ಕೇಳಿದಾಗ ಅಂದಾಜಿಗೆ ಹೇಳಬೇಕಾಗಿಲ್ಲ.

ಕೊನೆಯದಾಗಿ ನಮ್ಮ ಅಕ್ಷರಗಳ ವಿಷಯ. ಇದು ನನಗೆ ಎಲ್ಲಕ್ಕಿಂತ ಹತ್ತಿರದ್ದು.

ಹಳೆಯ ಟೇಬಲ್‌ಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗಾಗಿ ಮಾಡಿದ ‘ಲ್ಯಾಟಿನ್1’ನಲ್ಲಿ ಇರುತ್ತಿದ್ದವು. ಅದರಲ್ಲಿ ಕನ್ನಡ ಹೆಸರು ಬರೆದರೆ ಎಷ್ಟೋ ಸಲ ಪ್ರಶ್ನೆಚಿಹ್ನೆಗಳ ಸಾಲು ಉಳಿಯುತ್ತದೆ. ಅದನ್ನು ಯಾವ ಆಲ್ಟರ್ ಟೇಬಲ್ ಕೂಡ ಸರಿಮಾಡದು. ಆಮೇಲೆ ಎಲ್ಲ ಭಾಷೆಯ ಅಕ್ಷರಗಳನ್ನೂ ಬರೆದಿಡುವ ಯುಟಿಎಫ್8 ಬಂತು. ಅದರಲ್ಲಿ ಒಂದೊಂದು ಕನ್ನಡ ಅಕ್ಷರಕ್ಕೆ ಮೂರು ಬೈಟ್ ಜಾಗ. ಮೈಎಸ್‌ಕ್ಯುಎಲ್ ತನ್ನ ‘ಯುಟಿಎಫ್8’ ಕಾಲಮ್‌ಗೆ ಮೂರೇ ಬೈಟ್‌ನ ಮಿತಿ ಹಾಕಿತ್ತು. ಕನ್ನಡಕ್ಕೆ ಅಷ್ಟು ಸಾಕಾಗಿತ್ತು.

2024ರ ಸೆಪ್ಟೆಂಬರಿನಲ್ಲಿ, ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯ 16ನೇ ಆವೃತ್ತಿ ಬಂತು. ಅದರಲ್ಲಿ ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿತು. ನಮ್ಮ ಜಿಲ್ಲೆಗಳಲ್ಲಿ ತಾಳೆಗರಿಯಲ್ಲಿ ಉಳಿದಿದ್ದ ಲಿಪಿಯನ್ನು ಇನ್ನು ಕಂಪ್ಯೂಟರಿನಲ್ಲಿ ಅಕ್ಷರವಾಗಿಯೇ ಇಡಬಹುದು. ಆದರೆ ಆ ಅಕ್ಷರಗಳಿಗೆ ಒಂದೊಂದಕ್ಕೂ ನಾಲ್ಕು ಬೈಟ್ ಬೇಕು. ಮೂರು ಬೈಟ್‌ನ ಹಳೆಯ ಕಾಲಮ್ ಅವನ್ನು ಒಳಗೆ ಬಿಡುವುದಿಲ್ಲ. ‘ಯುಟಿಎಫ್8ಎಂಬಿ4’ ಎಂಬ ಬಗೆಗೆ ಬದಲಿಸಬೇಕು. ಮೈಎಸ್‌ಕ್ಯುಎಲ್‌ನಲ್ಲಿ ಅದು 2010ರಿಂದ ಇದೆ, 2018ರ 8.0ರಿಂದ ಹೊಸ ಟೇಬಲ್‌ಗಳಿಗೆ ತಾನಾಗಿಯೇ ಸಿಗುತ್ತದೆ. ಹಳೆಯ ಟೇಬಲ್‌ಗಳನ್ನು ನಾವೇ ಬದಲಿಸಬೇಕು. ಸಾಮಾನ್ಯವಾಗಿ ಇಡೀ ಟೇಬಲ್ ಮರುಬರಹ ಆಗುತ್ತದೆ, ಅಷ್ಟು ಹೊತ್ತು ಬರೆಯುವ ಕೆಲಸ ನಿಲ್ಲುತ್ತದೆ. ಹಾಗಾಗಿ ರಜೆಯ ದಿನ ನೋಡಿ ಮಾಡಿ. ಹಳೆಯ ಸರ್ವರ್‌ನಲ್ಲಿ ಇಂಡೆಕ್ಸ್‌ಗೆ, ಅಂದರೆ ಬೇಗ ಹುಡುಕಲು ಮಾಡಿಡುವ ಸೂಚಿಗೆ, 767 ಬೈಟ್‌ನ ಮಿತಿ ಇದೆ. 255 ಅಕ್ಷರದ ಹೆಸರಿನ ಕಾಲಮ್ ಮೂರು ಬೈಟ್ ಲೆಕ್ಕದಲ್ಲಿ 765 ಆಗಿ ಅದರೊಳಗೆ ಕೂರುತ್ತಿತ್ತು. ನಾಲ್ಕು ಬೈಟ್ ಆದರೆ 1020, ಹಿಡಿಸದು. ಕಾಲಮನ್ನು 191ಕ್ಕೆ ಇಳಿಸುವ ಮೊದಲು ಅದಕ್ಕಿಂತ ಉದ್ದದ ಹೆಸರು ಇದೆಯಾ ಎಂದು ಹುಡುಕಿ.

ಗ್ರಂಥಾಲಯದ ಪಟ್ಟಿ, ಹಸ್ತಪ್ರತಿಗಳ ಪಟ್ಟಿ ನೋಡಿಕೊಳ್ಳುವವರು ಯಾರಾದರೂ ಇದನ್ನು ಕೇಳುತ್ತಿದ್ದರೆ, ಮೈಎಸ್‌ಕ್ಯುಎಲ್‌ನಲ್ಲಿ ‘ಶೋ ಕ್ರಿಯೇಟ್ ಟೇಬಲ್’ ಎಂದು ಕೊಟ್ಟು ನೋಡಿ. ಕೊನೆಯ ಸಾಲಿನಲ್ಲಿ ಟೇಬಲ್‌ನ ಅಕ್ಷರದ ಬಗೆ ಬರೆದಿರುತ್ತದೆ. ಒಂದೊಂದು ಕಾಲಮ್‌ಗೆ ಬೇರೆ ಬಗೆ ಇದ್ದರೆ ಅದು ಆ ಕಾಲಮ್‌ನ ಪಕ್ಕದಲ್ಲೇ ಕಾಣುತ್ತದೆ, ಅದನ್ನೂ ಓದಿ. ಎಂಬಿ4 ಇಲ್ಲದಿದ್ದರೆ ಬ್ಯಾಕಪ್ ತೆಗೆದು, ಬೇರೆ ಯಂತ್ರದಲ್ಲಿ ಒಮ್ಮೆ ಓಡಿಸಿ ನೋಡಿ, ಆಮೇಲೆ ಬದಲಿಸಿ. ನಮಸ್ಕಾರ.